ಪಹಣಿ ಐತಿ, ಹೊಲ ಇಲ್ಲ: ಪ್ರೋಗ್ರಾಂಗಳನ್ನು ಬೀಳಿಸುವ ‘ಬಸ್ ಎರರ್’

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನ ಕಾಟಾ ಕೋಣೆಯಲ್ಲಿ ನಾನು ಬರೆದ ಪ್ರೋಗ್ರಾಂ ಓಡುತ್ತದೆ. ಅದಕ್ಕೆ ಇರುವುದು ಸಣ್ಣ ಕೆಲಸ. ಭತ್ತದ ಟ್ರಾಕ್ಟರ್ ಕಾಟಾ ಮೇಲೆ ನಿಂತಾಗ ತುಂಬಿದ ತೂಕ, ಮಾಲು ಇಳಿಸಿ ಬಂದಮೇಲೆ ಖಾಲಿ ತೂಕ, ಎರಡನ್ನೂ ಬರೆದಿಟ್ಟುಕೊಂಡು ಚೀಟಿ ಹರಿದು ಕೊಡಬೇಕು, ಅಷ್ಟೇ. ವರ್ಷದ ಬಹುಪಾಲು ಅದರ ಸುದ್ದಿಗೆ ಯಾರೂ ಹೋಗುವುದಿಲ್ಲ. ಸುಗ್ಗಿ ಶುರುವಾಯಿತೆಂದರೆ ಮಾತ್ರ ರಸ್ತೆಯವರೆಗೂ ಟ್ರಾಕ್ಟರ್ ಸಾಲು ನಿಲ್ಲುತ್ತದೆ. ಆಗ ಪ್ರೋಗ್ರಾಂ ಐದು ನಿಮಿಷ ನಿಂತರೂ ನನ್ನ ಫೋನು ಸುಮ್ಮನಿರುವುದಿಲ್ಲ.

ಹಾಗೊಂದು ಡಿಸೆಂಬರಿನ ಬೆಳಗ್ಗೆ ಕಾಟಾ ಗುಮಾಸ್ತ ಫೋನ್ ಮಾಡಿದ. "ಸರ, ಕಂಪ್ಯೂಟರ್ ಬಸ್ ಎರರ್ ಅನ್ನಾಕತ್ತೈತಿ. ಇಲ್ಲಿ ಟ್ರಾಕ್ಟರ್ ನಿಂತಾವ, ಇದ್ಯಾವ ಬಸ್ ರೀ?"

ಮತ್ತೆ ಶುರು ಮಾಡು ಎಂದೆ. ಶುರುವಾಯಿತು. ಸಂಜೆಯವರೆಗೆ ತಕರಾರಿಲ್ಲ, ಮರುದಿನವೂ ಇಲ್ಲ. ಹದಿನಾರು ದಿನದ ಮೇಲೆ ಮತ್ತೆ ಅದೇ ಫೋನು, ಅದೇ ಬೆಳಗು. ಬೀಳುತ್ತಿದ್ದದ್ದು ಯಾವಾಗಲೂ ದಿನದ ಮೊದಲ ಟ್ರಾಕ್ಟರಿಗೆ. ನಡು ಮಧ್ಯಾಹ್ನ ಒಮ್ಮೆಯೂ ಬಿದ್ದದ್ದಿಲ್ಲ. ಚಳಿಗೆ ಏನೋ ಸಡಿಲಾಗುತ್ತದೆ ಅಂದರು ಮಿಲ್ಲಿನವರು. ಕರೆಂಟಿನ ಏರಿಳಿತ ಅಂದ ಇನ್ನೊಬ್ಬ. ನಾನು ಅವರಿಗಿಂತ ಜಾಣನೇನೂ ಆಗಲಿಲ್ಲ. ‘ಬಸ್’ ಎಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ತಂತಿಗಳಲ್ಲವೇ, ಹಾಗಾದರೆ ರ‍್ಯಾಮ್ ಕೆಟ್ಟಿರಬೇಕು ಎಂದುಕೊಂಡು ಬಳ್ಳಾರಿಯಿಂದ ಹೊಸ ರ‍್ಯಾಮ್ ತರಿಸಿ ಹಾಕಿದೆ. ಹೊಸ ರ‍್ಯಾಮ್ ಹಾಕಿದ ಹನ್ನೆರಡನೇ ದಿನ ಪ್ರೋಗ್ರಾಂ ಮತ್ತೆ ಬಿತ್ತು.

ನನ್ನ ದಾರಿ ತಪ್ಪಿಸಿದ್ದು ಆ ಹೆಸರು. ಅದರ ಹುಟ್ಟು ಗೊತ್ತಿದ್ದಿದ್ದರೆ ರ‍್ಯಾಮಿನ ದುಡ್ಡು ಉಳಿಯುತ್ತಿತ್ತು.

‘ಓಮ್ನಿಬಸ್’ ಎಂಬ ಲ್ಯಾಟಿನ್ ಪದಕ್ಕೆ ‘ಎಲ್ಲರಿಗಾಗಿ’ ಎಂದು ಅರ್ಥ. ಅದರ ಬಾಲವನ್ನಷ್ಟೇ ಉಳಿಸಿಕೊಂಡದ್ದು ಬಸ್. ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು, ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರದಲ್ಲಿ ಕೆಲಸ ಮಾಡುವವರು ದಿನಾ ನೋಡುವ ಬಸ್‌ಬಾರ್ ಎಂಬ ಕರೆಂಟು ಹಂಚುವ ಲೋಹದ ಪಟ್ಟಿ, ಕಂಪ್ಯೂಟರಿನ ಒಳಗಿನ ಬಸ್, ಮೂರೂ ಒಂದೇ ಬಳಗ. ಒಂದೇ ದಾರಿ, ಹತ್ತುವವರು ಹಲವರು. ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬೆಳೆದದ್ದು 1970ರ ದಶಕದ ಪಿಡಿಪಿ-11 ಯಂತ್ರದ ಮೇಲೆ. ಅದರಲ್ಲಿ ಪ್ರೊಸೆಸರ್ ಒಂದು ವಿಳಾಸವನ್ನು ಬಸ್ಸಿನ ಮೇಲಿಟ್ಟು ‘ಇಲ್ಲಿರುವುದನ್ನು ಕೊಡಿ’ ಎಂದಾಗ ಯಾರೂ ಓಗೊಡದಿದ್ದರೆ ಯಂತ್ರ ಕೆಲಸ ನಿಲ್ಲಿಸಿ ದೂರು ಕೊಡುತ್ತಿತ್ತು. ಎರಡು ಬೈಟಿನ ಪದವನ್ನು ಬೆಸ ಸಂಖ್ಯೆಯ ವಿಳಾಸದಿಂದ ಕೇಳಿದರೂ ಅದೇ ದೂರು. ಪ್ರೋಗ್ರಾಮಿಗೆ ಬರುವ ಇಂಥ ದೂರಿಗೆ ಸಿಗ್ನಲ್ ಎನ್ನುತ್ತಾರೆ, ಈ ದೂರಿಗೆ ಯೂನಿಕ್ಸ್ ಇಟ್ಟ ಹೆಸರು ಸಿಗ್‌ಬಸ್. ಪರದೆಯ ಮೇಲೆ ‘ಬಸ್ ಎರರ್’ ಎಂದು ಕಾಣುವುದು ಅದೇ. ಯಂತ್ರ ಮ್ಯೂಸಿಯಂ ಸೇರಿತು, ಹೆಸರು ಉಳಿಯಿತು. ಇವತ್ತು ಲಿನಕ್ಸಿನಲ್ಲಿ ಬಸ್ ಎರರ್ ಬಂತೆಂದರೆ ತಂತಿಯಲ್ಲಿ ದೋಷ ಇರುವುದು ಬಲು ಅಪರೂಪ.

ಹಾಗಾದರೆ ಅದು ಏನು? ಅದರ ಅಣ್ಣ ಸೆಗ್‌ಫಾಲ್ಟಿನ ಪಕ್ಕದಲ್ಲಿಟ್ಟು ನೋಡಿದರೆ ಸಲೀಸಾಗಿ ತಿಳಿಯುತ್ತದೆ.

ಪ್ರತಿ ಪ್ರೋಗ್ರಾಮಿಗೂ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಒಂದು ಪಹಣಿ ಪುಸ್ತಕ ಇಟ್ಟಿರುತ್ತದೆ. ಇಷ್ಟನೇ ವಿಳಾಸದಿಂದ ಇಷ್ಟನೇ ವಿಳಾಸದವರೆಗೆ ನಿನ್ನದು, ಇದನ್ನು ಓದಬಹುದು, ಇದರಲ್ಲಿ ಬರೆಯಬಹುದು ಎಂದು. ಪಹಣಿಯಲ್ಲಿ ಇಲ್ಲದ ವಿಳಾಸಕ್ಕೆ ಕಾಲಿಟ್ಟರೆ ಸೆಗ್‌ಫಾಲ್ಟ್. ಬೇರೆಯವರ ಹೊಲಕ್ಕೆ ನುಗ್ಗಿದ್ದಕ್ಕೆ ಕೇಸು. ಬಸ್ ಎರರಿನ ಕಥೆ ಬೇರೆ. ಅಲ್ಲಿ ಪಹಣಿ ನಿಮ್ಮ ಹೆಸರಿನಲ್ಲೇ ಇದೆ, ಸರ್ವೆ ನಂಬರ್ ಸರಿ, ಹಕ್ಕು ಸರಿ. ಹೋಗಿ ನೋಡಿದರೆ ಹೊಲವೇ ಇಲ್ಲ. ಮುನಿರಾಬಾದಿನ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಹಳೆಯ ಪಹಣಿ ಹಿಡಿದು ನಿಂತವನ ಹಾಗೆ. ಕಾಗದದಲ್ಲಿ ನಾಲ್ಕು ಎಕರೆ, ಕಣ್ಣೆದುರು ನೀರು. ತಪ್ಪು ಅವನದಲ್ಲ, ಆದರೆ ನೇಗಿಲು ಹೂಡುವುದಕ್ಕೂ ಆಗುವುದಿಲ್ಲ.

ಕಾಗದಕ್ಕೂ ನೆಲಕ್ಕೂ ಹೀಗೆ ತಾಳೆ ತಪ್ಪುವ ಅತಿ ಸಾಮಾನ್ಯ ಜಾಗ ಎಮ್‌ಮ್ಯಾಪ್. ನನ್ನ ಕಾಟಾ ಪ್ರೋಗ್ರಾಂ ಬಿದ್ದದ್ದೂ ಅಲ್ಲೇ.

ಫೈಲಿನಲ್ಲಿ ಇರುವುದನ್ನು ಪಡೆಯಲು ಎರಡು ದಾರಿ. ರೀಡ್ ಎಂದು ಕರ್ನಲ್ಲನ್ನು ಕೇಳಿ ತರಿಸಿಕೊಳ್ಳುವುದು ಹಳೆಯದು. ಎಮ್‌ಮ್ಯಾಪ್ ಎಂದರೆ ಇಡೀ ಫೈಲನ್ನೇ ಮೆಮೊರಿಯ ವಿಳಾಸಗಳ ಮೇಲೆ ಹಾಸಿದಂತೆ ಮಾಡುವುದು. ಹಾಸಿದಂತೆ ಅಷ್ಟೇ, ನಿಜವಾಗಿ ಹಾಸುವುದಿಲ್ಲ. ಕರ್ನಲ್ ಪಹಣಿ ಬರೆದುಕೊಟ್ಟು ಸುಮ್ಮನಾಗುತ್ತದೆ. ನೀವು ಒಂದು ವಿಳಾಸ ಮುಟ್ಟಿದಾಗ ಆ 4096 ಬೈಟಿನ ಪುಟವನ್ನು ಮಾತ್ರ ಡಿಸ್ಕಿನಿಂದ ಎಳೆದು ತರುತ್ತದೆ. ಆ ಹೊತ್ತಿಗೆ ಫೈಲಿನಲ್ಲಿ ಆ ಪುಟವೇ ಇಲ್ಲದಿದ್ದರೆ? ಅದೇ ಬಸ್ ಎರರ್.

ಲೆಕ್ಕ ಹಾಕಿಯೇ ನೋಡಿ. 5000 ಬೈಟಿನ ಫೈಲು, ನೀವು 12,288 ಬೈಟಿಗೆ, ಅಂದರೆ ಮೂರು ಪುಟಕ್ಕೆ, ಮ್ಯಾಪ್ ಮಾಡಿದಿರಿ. ಕರ್ನಲ್ ಬೇಡ ಅನ್ನುವುದಿಲ್ಲ. 0ಯಿಂದ 4999ರವರೆಗೆ ನಿಮ್ಮ ಮಾಹಿತಿ. 5000ದಿಂದ 8191ರವರೆಗೆ ಎರಡನೇ ಪುಟದ ಉಳಿದ ಜಾಗ. ಓದಿದರೆ ಸೊನ್ನೆ ಸಿಗುತ್ತದೆ, ಬರೆದರೆ ಬರೆಸಿಕೊಳ್ಳುತ್ತದೆ, ಆದರೆ ಬರೆದದ್ದು ಫೈಲಿಗೆ ಹೋಗುವುದಿಲ್ಲ. 8192ನೇ ಬೈಟನ್ನು ಮುಟ್ಟಿದಿರೋ, ಸಿಗ್‌ಬಸ್. ನನ್ನನ್ನು ಹೆಚ್ಚು ಹೆದರಿಸುವುದು ಆ ನಡುವಿನ ಮೂರು ಸಾವಿರದ ಚಿಲ್ಲರೆ ಬೈಟು. ಬಿದ್ದರೆ ಬಿತ್ತು ಎಂದಾದರೂ ಗೊತ್ತಾಗುತ್ತದೆ. ಅಲ್ಲಿ ಬರೆದದ್ದು ಸದ್ದಿಲ್ಲದೆ ಗಾಳಿಗೆ ಹೋಗುತ್ತದೆ.

ಕಾಟಾ ಪ್ರೋಗ್ರಾಮಿಗೆ ಬರೋಣ. ಒಂದೊಂದು ತೂಕದ ದಾಖಲೆಗೆ 128 ಬೈಟು, ಫೈಲು ಎಮ್‌ಮ್ಯಾಪ್ ಮೂಲಕ. ದಿನಕ್ಕೆ ಐನೂರು ದಾಖಲೆ ಬರೆಯುವುದಕ್ಕೆ ಎಮ್‌ಮ್ಯಾಪ್ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹೊಸದಾಗಿ ಕಲಿತದ್ದನ್ನು ಎಲ್ಲಾದರೂ ಹಾಕುವ ಚಪಲ. ಇದಲ್ಲದೆ ರಾತ್ರಿ ಹನ್ನೊಂದಕ್ಕೆ ಓಡುವ ಒಂದು ಸಣ್ಣ ಸ್ಕ್ರಿಪ್ಟನ್ನೂ ನಾನೇ ಬರೆದಿದ್ದೆ. ಬರೆದು ಮರೆತೂ ಬಿಟ್ಟಿದ್ದೆ. ಫೈಲು ಒಂದು ಎಂಬಿ ತಲುಪಿದ್ದರೆ ಅದರ ನಕಲು ತೆಗೆದಿಟ್ಟು, ಮೂಲ ಫೈಲನ್ನು ಸೊನ್ನೆಗೆ ಕತ್ತರಿಸುವುದು ಅದರ ಕೆಲಸ.

ಒಂದು ಎಂಬಿಗೆ 128 ಬೈಟಿನ 8192 ದಾಖಲೆ. ಸುಗ್ಗಿಯಲ್ಲಿ ದಿನಕ್ಕೆ 250ಕ್ಕೂ ತುಸು ಹೆಚ್ಚು ಗಾಡಿ, ಗಾಡಿಗೆ ಎರಡರಂತೆ 500ರ ಮೇಲೆ ದಾಖಲೆ, ಹದಿನಾರು ದಿನಕ್ಕೆ ಫೈಲು ತುಂಬಿತು. ಸುಗ್ಗಿ ಇಲ್ಲದಾಗ ದಿನಕ್ಕೆ ಇಪ್ಪತ್ತು ಗಾಡಿ ಬಂದರೆ ಹೆಚ್ಚು, ತುಂಬಲು ಏಳು ತಿಂಗಳ ಹತ್ತಿರ ಬೇಕು. ಅದಕ್ಕೇ ಈ ರೋಗ ಸುಗ್ಗಿಯಲ್ಲಿ ಮಾತ್ರ ಕಾಣುತ್ತಿದ್ದದ್ದು. ರಾತ್ರಿ ಹತ್ತಕ್ಕೆ ಕಾಟಾ ಬಂದ್. ಹನ್ನೊಂದಕ್ಕೆ ಸ್ಕ್ರಿಪ್ಟು ಬಂದು ಫೈಲನ್ನು ಸೊನ್ನೆ ಮಾಡಿ ಹೋಯಿತು. ಪ್ರೋಗ್ರಾಂ ಎಚ್ಚರವಾಗಿಯೇ ಇದೆ, ಕೈಯಲ್ಲಿ ಪಹಣಿಯೂ ಇದೆ, ಹೊಲ ಮುಳುಗಿದ್ದು ಅದಕ್ಕೆ ಗೊತ್ತಿಲ್ಲ. ಬೆಳಗ್ಗೆ ಮೊದಲ ಟ್ರಾಕ್ಟರ್ ಹತ್ತಿತು, ತೂಕ ಬರೆಯಲು ಹೋಯಿತು, ಸತ್ತಿತು. ಗುಮಾಸ್ತ ಮತ್ತೆ ಶುರು ಮಾಡಿದಾಗ ಖಾಲಿ ಫೈಲನ್ನು ಹೊಸದಾಗಿ ಅಳೆದುಕೊಂಡು ಏನೂ ಆಗದವರಂತೆ ಓಡಿತು. ಹನ್ನೆರಡನೇ ದಿನವೇ ಬಿದ್ದ ಆ ಸಲ? ಆ ಎರಡು ವಾರ ಗಾಡಿ ಹೆಚ್ಚು ಬಂದಿದ್ದವು, ಅಷ್ಟೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಫೈಲು ಮೊಟಕಾಗಿದೆ ಎಂದು ಪ್ರೋಗ್ರಾಮಿಗೆ ಮೆಲ್ಲಗೆ ಹೇಳಬಾರದೇ, ಕೊಲ್ಲಲೇಬೇಕೆ? ರೀಡ್ ಬಳಸಿದ್ದರೆ ಮೆಲ್ಲಗೇ ಹೇಳುತ್ತಿತ್ತು. ‘ನೂರು ಬೈಟು ಕೇಳಿದೆ, ಸೊನ್ನೆ ಸಿಕ್ಕಿತು’ ಎಂದೋ, ‘ಡಿಸ್ಕು ಓದಲಾಗಲಿಲ್ಲ’ ಎಂದೋ ಉತ್ತರ ಬರುತ್ತದೆ, ಅದನ್ನು ನೋಡಿ ನೀವು ಮುಂದಿನ ದಾರಿ ಹಿಡಿಯಬಹುದು. ಎಮ್‌ಮ್ಯಾಪಿನಲ್ಲಿ ಓದುವುದೆಂದರೆ ಒಂದು ವಿಳಾಸದಿಂದ ಒಂದು ಅಂಕಿ ಎತ್ತಿಕೊಳ್ಳುವ ಬರೀ ಒಂದು ಯಂತ್ರಸೂಚನೆ. ‘ಆಗಲಿಲ್ಲ’ ಎಂದು ಹೇಳಲು ಅದಕ್ಕೆ ಬಾಯಿಯೇ ಇಲ್ಲ. ಅಂಕಿ ಸಿಗಬೇಕು, ಇಲ್ಲವೇ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ಹೀಗಾಗಿ ಫೈಲಿನ, ಡಿಸ್ಕಿನ, ನೆಟ್‌ವರ್ಕಿನ ಎಲ್ಲ ತಾಪತ್ರಯವೂ ಮೆಮೊರಿಯ ತಪ್ಪಿನ ವೇಷ ಹಾಕಿಕೊಂಡು ಬರುತ್ತದೆ. ಮ್ಯಾಪ್ ಮಾಡಿದ ಫೈಲು ಇದ್ದ ಪೆನ್‌ಡ್ರೈವನ್ನು ಯಾರೋ ಕಿತ್ತರು, ಬಸ್ ಎರರ್. ಎಸ್‌ಡಿ ಕಾರ್ಡಿನ ಆ ಭಾಗ ಸವೆದು ಓದಲಾಗುತ್ತಿಲ್ಲ, ಬಸ್ ಎರರ್. ಎಸ್‌ಕ್ಯೂಲೈಟ್ ಡೇಟಾಬೇಸಿನವರು ಎಮ್‌ಮ್ಯಾಪ್ ಸೌಲಭ್ಯ ಕೊಟ್ಟಿದ್ದಾರೆ, ಜೊತೆಗೆ ತಮ್ಮ ಕೈಪಿಡಿಯಲ್ಲೇ ಎಚ್ಚರಿಸಿದ್ದಾರೆ: ಮ್ಯಾಪ್ ಮಾಡಿದ ಫೈಲಿನಲ್ಲಿ ಓದು-ಬರಹದ ದೋಷ ಬಂದರೆ ಅದನ್ನು ಹಿಡಿದು ಸಂಭಾಳಿಸಲು ಎಸ್‌ಕ್ಯೂಲೈಟಿಗೆ ಆಗುವುದಿಲ್ಲ, ಸಿಗ್ನಲ್ ಬರುತ್ತದೆ, ಅದನ್ನು ಹಿಡಿಯದಿದ್ದರೆ ಪ್ರೋಗ್ರಾಂ ಬೀಳುತ್ತದೆ.

ಇದೇ ಜಾತಿಯ ಇನ್ನೊಂದು ಕೊಂಬೆ, ಜಾಗ ಇಲ್ಲದೆಯೂ ಇದೆ ಎಂದು ಬರೆದುಕೊಡುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದವರಿಗೆ, ಮಾನ್ವಿ, ಸಿರವಾರ ಕಡೆಯವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚುಕಟ್ಟಿನ ನಕ್ಷೆಯಲ್ಲಿ ಅವರ ಹೊಲವಿದೆ, ಹೊಲದವರೆಗೆ ಕಾಲುವೆಯೂ ತೋಡಿದೆ, ನೀರು ಬರುತ್ತದೋ ಇಲ್ಲವೋ ಬಿತ್ತಿದ ಮೇಲೆ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ಎಫ್‌ಟ್ರಂಕೇಟ್ ಎಂದು ಕರೆದು ಫೈಲಿನ ಅಳತೆ ಒಂದು ಜಿಬಿ ಎಂದು ಬರೆಸಬಹುದು. ಡಿಸ್ಕಿನಲ್ಲಿ ಉಳಿದದ್ದು ಇನ್ನೂರು ಎಂಬಿಯಾದರೂ ಕರ್ನಲ್ ಒಪ್ಪುತ್ತದೆ, ಏಕೆಂದರೆ ಅದು ಅಳತೆ ಬರೆದುಕೊಂಡದ್ದೇ ಹೊರತು ಜಾಗ ಹಿಡಿದಿಲ್ಲ. ಮ್ಯಾಪ್ ಮಾಡಿ ಬರೆಯುತ್ತ ಹೋಗಿ, ಇನ್ನೂರು ಎಂಬಿ ದಾಟಿದ ಕೂಡಲೇ ಸಿಗ್‌ಬಸ್. ಪೋಸಿಕ್ಸ್-ಎಫ್‌ಅಲೊಕೇಟ್ ಎಂದು ಕರೆದರೆ ಜಾಗವನ್ನು ಮೊದಲೇ ಹಿಡಿದಿಡುತ್ತದೆ. ಜಾಗ ಸಾಲದಿದ್ದರೆ ಆಗಲೇ ಇಲ್ಲ ಅನ್ನುತ್ತದೆ.

ರಾಯಚೂರು, ಬಳ್ಳಾರಿ ಕಡೆ ಎಂಜಿನಿಯರಿಂಗ್ ಓದುವ ಹುಡುಗರು ನನಗೆ ಬಸ್ ಎರರ್ ಎಂದು ತೋರಿಸಿದ್ದೆಲ್ಲ ಹೆಚ್ಚುಕಡಿಮೆ ಇದೇ. ಡಾಕರ್ ಎಂದರೆ ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ. ಅದರೊಳಗೆ ಪೈಟಾರ್ಚ್ ಎಂಬ ಎಐ ತಂತ್ರಾಂಶ ಹಾಕಿ ಮಾಡೆಲ್ ತರಬೇತಿಗೆ ಕೂರಿಸುತ್ತಾರೆ. ಡೇಟಾ ಓದಲು ಎಂಟು ವರ್ಕರ್, ಅಂದರೆ ಸಹಾಯಕ ಪ್ರೋಗ್ರಾಂ, ಇಡುತ್ತಾರೆ. ಈ ವರ್ಕರುಗಳು ಚಿತ್ರಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು ‘ಡೆವ್-ಎಸ್‌ಎಚ್‌ಎಂ’ ಎಂಬ ಹಂಚಿಕೆಯ ಮೆಮೊರಿಯಲ್ಲಿ. ಯಂತ್ರದಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಡಾಕರ್ ಅದಕ್ಕೆ ತಾನಾಗಿ ಕೊಡುವ ಜಾಗ 64 ಎಂಬಿ. ಅದು ತುಂಬಿತೋ, ಬಸ್ ಎರರ್. ಕಂಟೇನರ್ ಶುರು ಮಾಡುವಾಗ ಎಸ್‌ಎಚ್‌ಎಂ-ಸೈಜ್ ಹೆಚ್ಚಿಸಿದರೆ ಅಥವಾ ವರ್ಕರ್ ಸಂಖ್ಯೆ ಸೊನ್ನೆ ಮಾಡಿದರೆ ಮುಗಿಯಿತು. ರ‍್ಯಾಮ್ ಬೆಟ್ಟದಷ್ಟು ಖಾಲಿ ಇರುವಾಗ ಬಸ್ ಎರರ್ ಬಂದರೆ ನಾನು ಮೊದಲು ನೋಡುವುದೇ ಈ ಜಾಗ.

ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ಓಡುತ್ತಿರುವ ಪ್ರೋಗ್ರಾಮಿನ ಫೈಲಿನ ಮೇಲೆ ಹೊಸದನ್ನು ಸಿಪಿ (ನಕಲು ಮಾಡುವ ಆಜ್ಞೆ) ಮಾಡಲು ಹೋದರೆ ಲಿನಕ್ಸ್ ‘ಟೆಕ್ಸ್ಟ್ ಫೈಲ್ ಬ್ಯುಸಿ’ ಎಂದು ತಡೆಯುತ್ತದೆ. ಅದು ಬಳಸುತ್ತಿರುವ ಲೈಬ್ರರಿ ಫೈಲಿಗೆ, ಅಂದರೆ ಹಲವು ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡಿನ ಫೈಲಿಗೆ, ಆ ಕಾವಲು ಇಲ್ಲ. ಲೈಬ್ರರಿಗಳೂ ಮ್ಯಾಪ್ ಆಗಿಯೇ ಓಡುವುದು. ಸಿಪಿ ಮೊದಲು ಹಳೆಯದನ್ನು ಸೊನ್ನೆಗೆ ಕತ್ತರಿಸಿ ಆಮೇಲೆ ತುಂಬುತ್ತದೆ, ಆ ನಡುವೆ ಸಿಕ್ಕಿಬಿದ್ದ ಪ್ರೋಗ್ರಾಂ ಬೀಳುತ್ತದೆ. ಹೊಸದನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿಟ್ಟು ಆಮೇಲೆ ಎಂವಿ (ಹೆಸರು ಬದಲಿಸುವ ಆಜ್ಞೆ) ಮಾಡಿ. ಹಳೆಯ ಫೈಲು ಹೆಸರು ಕಳೆದುಕೊಂಡರೂ ಅದನ್ನು ಹಿಡಿದವರು ಬಿಡುವವರೆಗೆ ಬದುಕಿರುತ್ತದೆ. ಕಾಟಾ ಸ್ಕ್ರಿಪ್ಟನ್ನು ನಾನು ಸರಿಮಾಡಿದ್ದೂ ಹೀಗೇ. ಕತ್ತರಿಸುವುದು ಬಿಟ್ಟು ಫೈಲಿನ ಹೆಸರು ಬದಲಿಸುತ್ತದೆ, ಆಮೇಲೆ ಹೊಸ ಫೈಲು ತೆರೆದುಕೋ ಎಂದು ಪ್ರೋಗ್ರಾಮಿಗೆ ತಿಳಿಸುತ್ತದೆ. ಆಮೇಲೊಂದು ದಿನ ಬುದ್ಧಿ ಬಂದು ಎಮ್‌ಮ್ಯಾಪನ್ನೇ ಕಿತ್ತುಹಾಕಿದೆ.

ಅಲ್ಲಿಗೂ ಬಸ್ ಎರರಿನ ಋಣ ಮುಗಿಯಲಿಲ್ಲ. ಮಿಲ್ಲಿನವರಿಗೆ ದೊಡ್ಡ ಕಂಪ್ಯೂಟರ್ ಬೇಡವೆನಿಸಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರ್ ಇಟ್ಟೆವು, 32 ಬಿಟ್ಟಿನ ಲಿನಕ್ಸ್ ಹಾಕಿ. ಅದೇ ಪ್ರೋಗ್ರಾಂ, ಮೊದಲ ಗಾಡಿಗೇ ಬಸ್ ಎರರ್. ಈ ಸಲ ಹದಿನಾರು ದಿನ ಕಾಯಿಸಲಿಲ್ಲ ಎಂಬುದೇ ಪುಣ್ಯ.

ಕಾಟಾದಿಂದ ಬರುವ ಪೊಟ್ಟಣದಲ್ಲಿ ಮೊದಲ ಒಂದು ಬೈಟು ಗುರುತು, ಅದರ ಬೆನ್ನಿಗೇ ನಾಲ್ಕು ಬೈಟಿನ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ತೂಕ. ಅಂದರೆ ಸೊನ್ನೆಯಿಂದ ಎಣಿಸಿದರೆ ತೂಕ ಶುರುವಾಗುವುದು ಒಂದನೇ ವಿಳಾಸದಿಂದ. ನಾಲ್ಕರಿಂದ ಭಾಗವಾಗುವ ಜಾಗದಿಂದಲ್ಲ. ಸಿ ಭಾಷೆಯಲ್ಲಿ ಆ ಜಾಗಕ್ಕೆ ಫ್ಲೋಟ್ ಪಾಯಿಂಟರ್ (ಫ್ಲೋಟ್ ಇರುವ ವಿಳಾಸ) ಎಂದು ವೇಷ ಹಾಕಿ ನೇರವಾಗಿ ಓದಿದ್ದೆ.

ಗೋಡೌನಿನಲ್ಲಿ ಚೀಲಗಳನ್ನು ಸಾಲಿಗೆ ನಾಲ್ಕರಂತೆ ಒಟ್ಟಿರುತ್ತಾರೆ. ಸಾಲಿಗೆ ಸಾಲು ಕೇಳಿದರೆ ಹಮಾಲಿ ಒಂದೇ ಸಲಕ್ಕೆ ಗಾಡಿಗೆ ಎಳೆದುಕೊಂಡು ಬರುತ್ತಾನೆ. ಈ ಸಾಲಿನ ಕೊನೆಯ ಮೂರು, ಆ ಸಾಲಿನ ಮೊದಲನೆಯದು ಎಂದರೆ ಎರಡು ಸಲ ಓಡಾಡಬೇಕು. ಇಂಟೆಲ್ ಜಾತಿಯ ಪ್ರೊಸೆಸರ್ ಗೊಣಗದೆ ಎರಡು ಸಲ ಓಡಾಡುವ ಹಮಾಲಿ. ಹಳೆಯ ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್ ಹಾಗಲ್ಲ, ಸಾಲು ತಪ್ಪಿಸಿ ಕೇಳಿದರೆ ಟವೆಲ್ ಕೊಡವಿ ಹೊರಗೆ ನಡೆಯುತ್ತಿತ್ತು. ಪೈನೊಳಗಿನ 32 ಬಿಟ್ಟಿನ ಆರ್ಮ್‌ ಪ್ರೊಸೆಸರಿನದು ನಡುವಿನ ಸ್ವಭಾವ. ಸಾದಾ ಪೂರ್ಣಾಂಕವಾದರೆ ಸಾಲು ತಪ್ಪಿದ್ದರೂ ತಂದುಕೊಡುತ್ತದೆ, ಫ್ಲೋಟ್ ಎತ್ತುವ ಸೂಚನೆಗೆ ಮಾತ್ರ ಒಪ್ಪುವುದಿಲ್ಲ. ಗಾಡಿಯ ನಂಬರು ಸರಿಯಾಗಿ ಓದಿ ತೂಕಕ್ಕೆ ಬಿದ್ದದ್ದು ಅದಕ್ಕೇ. ಪಾಯಿಂಟರಿನ ವೇಷ ಬಿಟ್ಟು, ನಾಲ್ಕು ಬೈಟನ್ನು ಮೆಮ್‌ಕಾಪಿ ಎಂಬ ನಕಲು ಸೂಚನೆಯ ಮೂಲಕ ಒಂದು ಸರಿಯಾದ ಫ್ಲೋಟಿಗೆ ಸುರಿದುಕೊಂಡೆ. ಒಂದು ಸಾಲಿನ ಬದಲಾವಣೆ. ಇಂಟೆಲ್ ಮೇಲೆ ವರ್ಷಗಟ್ಟಲೆ ಓಡಿದ್ದು ಆ ಕೋಡ್ ಸರಿಯಿತ್ತೆಂದಲ್ಲ. ಸಿ ಭಾಷೆಯ ನಿಯಮದ ಪ್ರಕಾರ ಅದು ಮೊದಲ ದಿನದಿಂದಲೂ ತಪ್ಪೇ.

ಎರಡು ಸಲವೂ ಪರದೆ ಹೇಳಿದ್ದು ಒಂದೇ ಮಾತು. ಹಾಗಾದರೆ ಯಾವ ಬಸ್ ಎರರ್ ಎಂದು ಕಂಡುಹಿಡಿಯುವುದು ಹೇಗೆ? ಪ್ರೋಗ್ರಾಂ ಶೆಲ್ಲಿಗೆ (ಆಜ್ಞೆ ಟೈಪ್ ಮಾಡುವ ಪರದೆಗೆ) 135 ಎಂದು ಮರಳಿದರೆ 128ರ ಮೇಲೆ 7, ಲಿನಕ್ಸಿನಲ್ಲಿ ಸಿಗ್‌ಬಸ್‌ನ ಸಂಖ್ಯೆ 7. ಸೆಗ್‌ಫಾಲ್ಟಾದರೆ 139. ಮ್ಯಾಕ್‌ನಲ್ಲಿ ಸಿಗ್‌ಬಸ್ ಸಂಖ್ಯೆ 10. ಇದು ರೋಗದ ಹೆಸರಷ್ಟೇ. ಪ್ರೋಗ್ರಾಂ ಬೀಳುವಾಗಿನ ಮೆಮೊರಿಯ ನಕಲಾದ ಕೋರ್ ಡಂಪನ್ನು ಜಿಡಿಬಿ ಎಂಬ ದೋಷ ಹುಡುಕುವ ಸಾಧನದಲ್ಲಿ ತೆರೆದು ಸಿಗ್‌ಇನ್ಫೋ (ಸಿಗ್ನಲ್ಲಿನ ವಿವರ) ಕೇಳಿದರೆ ಒಳಗೊಂದು ಸಣ್ಣ ಕೋಡ್ ಸಿಗುತ್ತದೆ. 1 ಇದ್ದರೆ ಸಾಲು ತಪ್ಪಿದ್ದು, ಹಮಾಲಿಯ ಜಗಳ. 2 ಇದ್ದರೆ ಪಹಣಿ ಇದ್ದೂ ಹೊಲ ಇಲ್ಲದ್ದು. ಅದರ ಜೊತೆ ಬೀಳಿಸಿದ ವಿಳಾಸವೂ ಇರುತ್ತದೆ. ಆ ವಿಳಾಸ ಪ್ರೋಗ್ರಾಮಿನ ಮ್ಯಾಪ್ ಪಟ್ಟಿಯಲ್ಲಿ ಯಾವ ಫೈಲಿನ ಹೊಲದೊಳಗೆ ಬರುತ್ತದೆ ನೋಡಿ, ಆಮೇಲೆ ಆ ಫೈಲಿನ ಈಗಿನ ಅಳತೆ ನೋಡಿ. ನನ್ನ ಕಾಟಾ ಫೈಲಿನ ಅಳತೆ ಸೊನ್ನೆ ಎಂದು ಕಂಡ ಕ್ಷಣ ಹನ್ನೊಂದು ಗಂಟೆಯ ಸ್ಕ್ರಿಪ್ಟು ನೆನಪಾಗಿ ಕಿವಿ ಬಿಸಿಯಾಯಿತು. ಫೈಲಿನ ಅಳತೆ ಸರಿಯಿದ್ದರೆ ಡಿಎಫ್ ಎಂಬ ಆಜ್ಞೆ ಹಾಕಿ ಡಿಸ್ಕು ತುಂಬಿದೆಯೇ ನೋಡಬೇಕು. ಅದೂ ಅಲ್ಲದಿದ್ದರೆ ಕರ್ನಲ್ಲಿನ ಸಂದೇಶ ತೋರಿಸುವ ಡಿಮೆಸೆಜ್‌ನಲ್ಲಿ ಡಿಸ್ಕಿನ ಓದು-ಬರಹದ ದೂರು ಇದೆಯೇ ಎಂದು.

4 ಅಥವಾ 5 ಕಂಡರೆ ಮಾತ್ರ ರ‍್ಯಾಮಿನ ಮಾತು. ಅದೂ ಸಾಮಾನ್ಯವಾಗಿ ಇಸಿಸಿ ರ‍್ಯಾಮ್ ಇರುವ ಸರ್ವರುಗಳಲ್ಲಿ. ಅಂಥ ರ‍್ಯಾಮ್ ತನ್ನಲ್ಲಿ ಅಂಕಿ ಕೆಟ್ಟದ್ದನ್ನು ತಾನೇ ಪತ್ತೆಮಾಡುತ್ತದೆ. ಒಂದು ಬಿಟ್ಟಾದರೆ ತಿದ್ದಿಕೊಳ್ಳುತ್ತದೆ, ತಿದ್ದಲಾಗದಷ್ಟು ಕೆಟ್ಟಿದ್ದರೆ ಕರ್ನಲ್ಲಿಗೆ ತಿಳಿಸುತ್ತದೆ. ಆ ಪುಟ ಮುಟ್ಟಿದ ಪ್ರೋಗ್ರಾಮಿಗೆ ಕರ್ನಲ್ ಸಿಗ್‌ಬಸ್ ಕಳಿಸುತ್ತದೆ. ಮನೆಯ, ಅಂಗಡಿಯ ಸಾದಾ ಕಂಪ್ಯೂಟರಿನ ರ‍್ಯಾಮು ಸಾಮಾನ್ಯವಾಗಿ ಹಾಗೆ ಕರ್ನಲ್ಲಿಗೆ ತಿಳಿಸುವುದಿಲ್ಲ. ಅದು ಕೆಟ್ಟರೆ ತಪ್ಪು ಅಂಕಿಯನ್ನೇ ಸರಿ ಎಂಬಂತೆ ಕೊಡುತ್ತದೆ, ಪ್ರೋಗ್ರಾಂ ಆಮೇಲೆಲ್ಲೋ ಸೆಗ್‌ಫಾಲ್ಟಾಗಿ ಬೀಳುತ್ತದೆ, ಇಲ್ಲವೇ ಲೆಕ್ಕ ತಪ್ಪುತ್ತದೆ. ಹಾಗಾಗಿ ಕಾಟಾ ಕೋಣೆಯ ಆ ಹಳೆಯ ಕಂಪ್ಯೂಟರಿನಲ್ಲಿ ಬಸ್ ಎರರ್ ಬಂದಾಗ ರ‍್ಯಾಮ್ ಮೇಲೆ ಗುಮಾನಿಪಡಲು ಕಾರಣವೇ ಇರಲಿಲ್ಲ. ಅವತ್ತು ಕಿತ್ತ ಹಳೆಯ ರ‍್ಯಾಮನ್ನು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿಕೊಂಡೆ. ಇದನ್ನು ಬರೆಯುತ್ತಿರುವುದು ಅದರ ಮೇಲೇ.